ಅಮೀನ್‌ದಿವಿಯ ಓಡಮಿನಿಂದ ಅಗತ್ತಿಯ ವಿಮಾನದವರೆಗೆ: ದ್ವೀಪಮಾರ್ಗಗಳ ವಿಚಾರ

ದಕ್ಷಿಣ ಕನ್ನಡ ಜಿಲ್ಲೆಗೆ ಒಂದು ಕಾಲದಲ್ಲಿ ಸಮುದ್ರದಾಚೆಯ ದ್ವೀಪಗಳಿದ್ದುವೆಂಬುದನ್ನು ಇಂದಿನ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅರಿಯರು. ಮಲ್ಪೆಯ ಮುಂದೆ ಕಾಣುವ ಬಂಡೆಗಳನ್ನು ಕುರಿತು ಆಡುವ ಮಾತಲ್ಲ ಇದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಎಂಬ ಐದು ದ್ವೀಪಗಳ ಸಮೂಹಕ್ಕೆ ಅಮೀನ್‌ದಿವಿ ಎಂದು ಹೆಸರು. ಇವು 1799ರಿಂದ 1956ರವರೆಗೆ, ಅಂದರೆ 157 ವರ್ಷಗಳ ಕಾಲ, ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿದ್ದುವು. ಅಲ್ಲಿಯ ಜನರು ತಮ್ಮ ಓಡಮುಗಳಲ್ಲಿ ಕತ್ತವನ್ನು ತುಂಬಿಕೊಂಡು ನಮ್ಮ ಬಂದರಿಗೆ ಬರುತ್ತಿದ್ದರು. ಅಕ್ಕಿಯನ್ನು ಕೊಂಡು ಹಿಂದಿರುಗುತ್ತಿದ್ದರು. ಘಟ್ಟದ ಕೆಳಗಿನ ಗದ್ದೆಗಳಲ್ಲಿ ಬೆಳೆದ ಅಕ್ಕಿಯೇ, ಮಂಗಳೂರಿನ ಮೂಲಕ, ಆ ಹವಳದ ದಿಬ್ಬಗಳ ಮೇಲಿನ ಜನರ ಅನ್ನವಾಗುತ್ತಿತ್ತು.

ಈಗ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡೋಣ. ಲಕ್ಷದ್ವೀಪದ ವಿಮಾನ ನಿಲ್ದಾಣವು ಅಗತ್ತಿಯಲ್ಲಿದೆ. ನೇರ ಗೆರೆಯನ್ನೆಳೆದು ಅಳೆದರೆ, ಅಗತ್ತಿಯಿಂದ ಕೊಚ್ಚಿಯ ವಿಮಾನ ನಿಲ್ದಾಣಕ್ಕೆ ಸುಮಾರು 460 ಕಿಲೋಮೀಟರುಗಳು. ಕೋಳಿಕ್ಕೋಡಿನ ನಿಲ್ದಾಣಕ್ಕೆ 410ಕ್ಕೂ ಕೊಂಚ ಹೆಚ್ಚು. ಬಜಪೆಗಾದರೋ ಸುಮಾರು 380 ಮಾತ್ರ. ಅಮೀನ್‌ದಿವಿಯ ದ್ವೀಪಗಳಾದರೆ ಇನ್ನೂ ಹತ್ತಿರ: ಚೆಟ್ಲತ್ ದ್ವೀಪದಿಂದ ಮಂಗಳೂರಿಗೆ 265 ಕಿಲೋಮೀಟರಿನಷ್ಟು ಅಂತರ. ಹೀಗಿದ್ದರೂ 1988ರಿಂದ ಈಚೆಗೆ ದ್ವೀಪಗಳ ವಿಮಾನಮಾರ್ಗದ ಮುಖ್ಯ ನೆಲೆಯಾಗಿ ನಿಂತುದು ಕೊಚ್ಚಿ. 2024ರಲ್ಲಿ ಹೊಸದಾಗಿ ಕೂಡಿಕೊಂಡುವು ಬೆಂಗಳೂರು ಮತ್ತು ಗೋವಾ. ಇವೆರಡೂ ಕೊಚ್ಚಿಗಿಂತಲೂ ದೂರ. ಅತ್ಯಂತ ಸಮೀಪದಲ್ಲಿದ್ದ ಊರು ಏಕೆ ಹಿಂದುಳಿಯಿತು? ದಾರಿಗಳನ್ನು ನಿರ್ಣಯಿಸುವುದು ದೂರವೋ, ಅಥವಾ ಬೇರೇನಾದರೂ ಉಂಟೋ? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳಲಾಗಿದೆ. ವಿಮಾನದ ವಿಷಯವು ಇತಿಹಾಸ ವಿಭಾಗಕ್ಕೆ ಹೊರಗಿನದೆಂದು ಕೆಲವರಿಗೆ ತೋರಬಹುದು. ಆದರೆ ದ್ವೀಪದ ಒಂದು ಸಣ್ಣ ಸಾರಿಗೆಯು ಯಾವ ದಾರಿಯನ್ನು ಹಿಡಿಯಬೇಕು, ಯಾರೊಡನೆ ಕೂಡಬೇಕು ಎಂಬ ಸಮಸ್ಯೆ ವಿಮಾನದೊಡನೆ ಹುಟ್ಟಿದುದಲ್ಲ; ಓಡಮಿನ ಕಾಲಕ್ಕೇ ಅದು ಪೂರ್ಣವಾಗಿ ಬೆಳೆದಿತ್ತು.

ದ್ವೀಪಗಳು ಮಂಗಳೂರಿಗೆ ಸೇರಿದ ಬಗೆಯನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಲಕ್ಷದ್ವೀಪವೆಲ್ಲವೂ ಕಣ್ಣಾನೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದಿತು. ಆ ಮನೆತನದವರು ಕತ್ತದ ವ್ಯಾಪಾರವನ್ನು ತಮ್ಮ ಏಕಸ್ವಾಮ್ಯಕ್ಕೆ ತೆಗೆದುಕೊಂಡು, ಕಡಿಮೆ ದರ ಕಟ್ಟಿ, ಜನರನ್ನು ಬಹಳವಾಗಿ ಪೀಡಿಸಿದರು. ಇದನ್ನು ತಾಳಲಾರದೆ 18ನೆಯ ಶತಮಾನದ ಎಂಬತ್ತರ ದಶಕದಲ್ಲಿ ಅಮಿನಿಯ ಕೆಲವು ಪ್ರಮುಖರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅವನು ಕಣ್ಣಾನೂರಿನ ಬೀಬಿಯೊಡನೆ ಏರ್ಪಾಡು ಮಾಡಿಕೊಂಡು ಅಮೀನ್‌ದಿವಿ ಸಮೂಹವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಇವು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದುವು. ಕೆನರಾ ಜಿಲ್ಲೆಗೂ, ಆ ಜಿಲ್ಲೆ ಎರಡಾದ ಮೇಲೆ ದಕ್ಷಿಣ ಕನ್ನಡಕ್ಕೂ ಸೇರಿದುವು. ಅಗತ್ತಿ, ಕವರತ್ತಿ ಮೊದಲಾದ ಉಳಿದ ದ್ವೀಪಗಳು ಕಣ್ಣಾನೂರಿನವರಲ್ಲಿಯೇ ಉಳಿದು ಮುಂದೆ ಮಲಬಾರ್ ಜಿಲ್ಲೆಯ ಆಡಳಿತಕ್ಕೆ ಹೋದುವು. ಹೀಗೆ ಒಂದೇ ಭಾಷೆಯನ್ನಾಡುವ, ಒಂದೇ ಧರ್ಮದ, ಪರಸ್ಪರ ಬಾಂಧವ್ಯವುಳ್ಳ ಜನರ ದ್ವೀಪಗಳು ಎರಡು ಜಿಲ್ಲೆಗಳಿಗೆ ಹಂಚಿಹೋದುವು. ಸಮುದ್ರದ ಮೇಲೆ ಗಡಿಯೆಂಬುದು ಕಾಣದಿದ್ದರೂ, ಅಮಿನಿಯ ಓಡಮಿಗೆ ಮಂಗಳೂರೆಂದೂ ಕವರತ್ತಿಯ ಓಡಮಿಗೆ ಮಲಬಾರದ ರೇವುಗಳೆಂದೂ ದಾರಿ ನಿಯತವಾಯಿತು.

ಗಮನಿಸತಕ್ಕುದೇನೆಂದರೆ, ಅಮಿನಿಯವರು ಮಂಗಳೂರನ್ನು ಆರಿಸಿಕೊಂಡುದು ಅದು ಹತ್ತಿರವೆಂಬ ಒಂದೇ ಕಾರಣದಿಂದಲ್ಲ. ಕಣ್ಣಾನೂರು ಕೊಡುವ ದರಕ್ಕಿಂತ ಉತ್ತಮವಾದ ದರವು ಇಲ್ಲಿ ದೊರೆಯಬಹುದೆಂಬುದೇ ಅವರ ಆಸೆ. ಆ ಆಸೆ ಸಂಪೂರ್ಣವಾಗಿ ಕೈಗೂಡಿತೆಂದು ಹೇಳುವಂತಿಲ್ಲ. ಕಂಪನಿ ಸರ್ಕಾರವು ಕತ್ತದ ಏಕಸ್ವಾಮ್ಯವನ್ನು ರದ್ದುಪಡಿಸಲಿಲ್ಲ. ದ್ವೀಪದವರು ತಾವು ಹೊಸೆದ ಹುರಿಯನ್ನು ಮಂಗಳೂರಿನ ಸರ್ಕಾರಿ ಉಗ್ರಾಣಕ್ಕೇ ಒಪ್ಪಿಸಬೇಕಾಗಿತ್ತು. ಅದಕ್ಕೆ ಪ್ರತಿಯಾಗಿ ನಿಗದಿಯಾದ ಲೆಕ್ಕದಲ್ಲಿ ಅಕ್ಕಿಯನ್ನೂ ಸ್ವಲ್ಪ ಹಣವನ್ನೂ ಪಡೆಯುತ್ತಿದ್ದರು. ತೆಂಗಿನಕಾಯಿ, ಬೆಲ್ಲ ಮೊದಲಾದವುಗಳನ್ನು ಮಾತ್ರ ತಮಗೆ ಬೇಕಾದವರಿಗೆ ಮಾರಬಹುದಾಗಿತ್ತು. ಕಣ್ಣಾನೂರಿನ ಅಧೀನದ ದ್ವೀಪಗಳಲ್ಲಿ ಕವಡೆ, ಆಮೆಯ ಚಿಪ್ಪುಗಳಿಗೂ ಈ ಕಟ್ಟು ಇದ್ದುದರಿಂದ, ಹೋಲಿಕೆಯಲ್ಲಿ ಅಮೀನ್‌ದಿವಿಯವರ ಸ್ಥಿತಿ ಸ್ವಲ್ಪ ಮೇಲಾಗಿತ್ತೆನ್ನಬಹುದು. ಆದರೆ ಮೂಲವಾದ ತೊಡಕು ಹಾಗೆಯೇ ಉಳಿಯಿತು. ನೌಕೆ ದ್ವೀಪದವರದು, ಸಮುದ್ರದ ಅಪಾಯವೂ ಅವರದು, ದರವನ್ನು ಕಟ್ಟುವವರು ಮಾತ್ರ ದಡದವರು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ವಿಮಾನದ ಪ್ರಸ್ತಾಪ ಬಂದಾಗ ಇದರ ಅಗತ್ಯ ಬೀಳುತ್ತದೆ.

ಇನ್ನು ನೌಕೆಯ ವಿಷಯ. ಓಡಮೆಂಬುದು ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಕಟ್ಟಿದ ಹಾಯಿದೋಣಿ. ಅದನ್ನು ನಡೆಸುವ ನಿಪುಣರಿಗೆ ಮಾಲ್ಮಿಗಳೆಂದು ಹೆಸರು. ಅರಬೀ-ಮಲಯಾಳದಲ್ಲಿ ಬರೆದ ‘ರಹ್ಮಾನಿ’ಗಳೆಂಬ ಕೈಬರಹದ ಪುಸ್ತಕಗಳು ಅವರ ಬಳಿಯಿರುತ್ತಿದ್ದುವು. ಯಾವ ದ್ವೀಪದಿಂದ ಯಾವ ರೇವಿಗೆ ಯಾವ ನಕ್ಷತ್ರದ ಉದಯ ಅಥವಾ ಅಸ್ತದ ದಿಕ್ಕನ್ನು ಹಿಡಿದು ಹೋಗಬೇಕೆಂಬುದು ಅವುಗಳಲ್ಲಿ ನಮೂದಾಗಿರುತ್ತಿತ್ತು. ಧ್ರುವನಕ್ಷತ್ರದ ಎತ್ತರವನ್ನು ಅಳೆಯುವುದಕ್ಕೆ ‘ಕಮಾಲ್’ ಎಂಬ ಗಂಟುಹಾಕಿದ ಹುರಿಯುಳ್ಳ ಹಲಗೆ. ತಗ್ಗಾದ ದ್ವೀಪವು ಕೆಲವೇ ಮೈಲಿಗಳಿಂದಾಚೆಗೆ ಕಣ್ಣಿಗೆ ಬೀಳದಿರುವುದರಿಂದ, ದಿಕ್ಕಿನಲ್ಲಿ ಕೊಂಚ ತಪ್ಪಿದರೂ ಓಡಮು ತನ್ನ ಊರನ್ನು ದಾಟಿ ಅರಬೀ ಸಮುದ್ರದ ಬಯಲಿಗೆ ಹೋಗಿಬಿಡುತ್ತಿತ್ತು. ದಡದ ಕಡೆಗೆ ಬರುವಾಗ ಈ ಭಯವಿಲ್ಲ. ಎಲ್ಲಿಯಾದರೊಂದು ಕಡೆ ಕರಾವಳಿ ಎದುರಾಗಲೇಬೇಕು. ಆದರೆ ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆಯ ಮರಳುದಿಬ್ಬ ಬೇರೊಂದು ಬಗೆಯ ಕಂಟಕ.

ಮಳೆಗಾಲದಲ್ಲಿ ಓಡಮುಗಳನ್ನು ದಡಕ್ಕೆಳೆದು ತೆಂಗಿನ ಗರಿಗಳನ್ನು ಹೊದಿಸಿ ಇಡುತ್ತಿದ್ದರು. ನಾಲ್ಕು ತಿಂಗಳು ದಾರಿಯೇ ಇಲ್ಲ. ಆದುದರಿಂದ ವರ್ಷದ ಯಾನಗಳ ಸಂಖ್ಯೆ ಮಿತವಾಗಿತ್ತು. ಒಂದೊಂದು ಯಾನದಲ್ಲಿಯೂ ಹೋಗುವಾಗ ಒಂದು ಸರಕು, ಮರಳುವಾಗ ಒಂದು ಸರಕು ಇರಲೇಬೇಕಾಗಿತ್ತು. ಇದನ್ನೇ ಈಗಿನವರು ಮಾರ್ಗಯೋಜನೆಯೆಂದು ಕರೆಯುವುದು. ಬರಿದಾಗಿ ಹಿಂದಿರುಗುವ ನೌಕೆ ಮುಂದಿನ ವರ್ಷ ಹೊರಡುವುದಿಲ್ಲ. ಮಂಗಳೂರಿನ ಮಾರ್ಗವು ಒಂದೂವರೆ ಶತಮಾನ ಬಾಳಿದುದು ಕತ್ತ ಮತ್ತು ಅಕ್ಕಿ ಎಂಬ ಎರಡು ಸರಕುಗಳ ಈ ಜೋಡಿಯಿಂದ.

ನೌಕೆಯ ಒಡೆತನವೂ ಎಲ್ಲರಿಗೂ ಇದ್ದುದಲ್ಲ. ಅಮಿನಿಯ ಸಮಾಜದಲ್ಲಿ ಕೋಯರು ಭೂಮಿಯ ಮತ್ತು ಓಡಮುಗಳ ಒಡೆಯರು, ಮಾಲ್ಮಿಗಳು ನಾವಿಕರು, ಮೇಲಾಚೇರಿಗಳು ತೆಂಗಿನ ಮರ ಹತ್ತುವವರು. ಮೇಲಾಚೇರಿಯವನು ಹೊಸೆದ ಹುರಿ ಕೋಯನ ಓಡಮಿನಲ್ಲಿಯೇ ಮಂಗಳೂರಿಗೆ ಹೋಗಬೇಕಾಗಿದ್ದುದರಿಂದ, ಬಂದ ಅಕ್ಕಿಯಲ್ಲಿ ಸಾಗಣೆಯ ಪಾಲು ಮೊದಲೇ ಕಳೆದುಹೋಗುತ್ತಿತ್ತು. ಈ ಕೆಳವರ್ಗದವರು ತಮ್ಮವೇ ಓಡಮುಗಳನ್ನು ಇಟ್ಟುಕೊಳ್ಳಲು ಯತ್ನಿಸಿದಾಗ ದ್ವೀಪಗಳಲ್ಲಿ ಕಲಹಗಳಾದುವು. ದ್ವೀಪವೊಂದರಲ್ಲಿ ಸಾರಿಗೆಯ ಒಡೆತನವೆಂದರೆ ಅನ್ನದ ಬಾಗಿಲಿನ ಬೀಗದ ಕೈ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಬಂದಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಅಮೀನ್‌ದಿವಿಯೂ ಜಿಲ್ಲೆಯಿಂದ ಬೇರ್ಪಟ್ಟು, ಲಕ್ಕದಿವಿ ಮತ್ತು ಮಿನಿಕಾಯ್‌ಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾಯಿತು. ಕಾಸರಗೋಡನ್ನು ಕುರಿತು ನಮ್ಮಲ್ಲಿ ಎಷ್ಟು ಸಭೆಗಳು ನೆರೆದುವು, ಎಷ್ಟು ಗ್ರಂಥಗಳು ಬಂದುವು! ಅಮೀನ್‌ದಿವಿಯನ್ನು ಕುರಿತು ಅದರ ಶತಾಂಶದಷ್ಟು ಚರ್ಚೆಯೂ ನಡೆಯಲಿಲ್ಲ. ದ್ವೀಪದವರ ಮಾತು ಮಲಯಾಳದ ಒಂದು ಉಪಭಾಷೆಯಾದ ಜೆಸರಿ. ಆದುದರಿಂದ ಅವರು ನಮ್ಮವರೆಂಬ ಭಾವನೆ ಇಲ್ಲಿ ಮೂಡಲಿಲ್ಲವೆಂದು ತೋರುತ್ತದೆ. ನಾನು ಇದನ್ನು ಅನ್ಯಾಯವೆಂದು ಹೇಳುವುದಿಲ್ಲ. ದ್ವೀಪಗಳೆಲ್ಲವೂ ಒಂದೇ ಆಡಳಿತಕ್ಕೆ ಸೇರಿದುದು ದ್ವೀಪದವರಿಗೆ ಹಿತವೇ ಆಯಿತು. ಆದರೆ ಅದರ ಪರಿಣಾಮವು ದಾರಿಯ ಮೇಲೆ ಆಗದೆ ಇರಲಿಲ್ಲ.

ಹೊಸ ಪ್ರದೇಶದ ಆಡಳಿತ ಕಚೇರಿಯು ಮೊದಲು ಕೋಳಿಕ್ಕೋಡಿನಲ್ಲಿದ್ದು, 1964ರಲ್ಲಿ ಕವರತ್ತಿಗೆ ಹೋಯಿತು. ನ್ಯಾಯದ ವಿಷಯದಲ್ಲಿ ದ್ವೀಪಗಳು ಕೊಚ್ಚಿಯಲ್ಲಿರುವ ಕೇರಳದ ಉಚ್ಚನ್ಯಾಯಾಲಯಕ್ಕೆ ಒಳಪಟ್ಟುವು. ಶಾಲೆಗಳಲ್ಲಿ ಮಲಯಾಳವನ್ನು ಕಲಿತ ಮಕ್ಕಳು ಹೆಚ್ಚಿನ ವ್ಯಾಸಂಗಕ್ಕೆ ಕೇರಳಕ್ಕೆ ಹೋದರು. ಸರ್ಕಾರದ ಪ್ರಯಾಣಿಕ ಹಡಗುಗಳು ಕೊಚ್ಚಿಯನ್ನು ತಮ್ಮ ಮುಖ್ಯ ರೇವನ್ನಾಗಿ ಮಾಡಿಕೊಂಡುವು. ಕಚೇರಿ, ನ್ಯಾಯಾಲಯ, ಕಾಲೇಜು, ಆಸ್ಪತ್ರೆ ಇವು ನಾಲ್ಕೂ ಒಂದು ದಿಕ್ಕಿನಲ್ಲಿದ್ದರೆ ಮನುಷ್ಯನು ಆ ದಿಕ್ಕಿಗೇ ಹೋಗುವನು. ನೂರು ಕಿಲೋಮೀಟರು ಹೆಚ್ಚಾದರೂ ಚಿಂತಿಸನು. ಸರಕಿಗೆ ಮಾತ್ರ ಈ ಯಾವುದರ ಹಂಗೂ ಇಲ್ಲ. ಆದುದರಿಂದ ತರಕಾರಿ, ದಿನಸಿ, ಸಿಮೆಂಟು, ಜಲ್ಲಿ ಮೊದಲಾದುವು ಮಂಗಳೂರಿನ ಹಳೆಯ ಬಂದರಿನಿಂದ ಮಂಜಿಗಳಲ್ಲಿ ದ್ವೀಪಗಳಿಗೆ ಹೋಗುವ ಪದ್ಧತಿ ನಿಲ್ಲಲಿಲ್ಲ. ಜನರ ದಾರಿಯೂ ಸರಕಿನ ದಾರಿಯೂ ಹೀಗೆ ಕವಲೊಡೆದುವು.

ವಿಮಾನವು ಬಂದುದು ಈ ಕವಲಿನ ನಂತರ. ಅಗತ್ತಿಯ ನಿಲ್ದಾಣವು 1988ರ ಏಪ್ರಿಲಿನಲ್ಲಿ ತೆರೆಯಿತು. ದ್ವೀಪವು ಉದ್ದವಾಗಿಯೂ ಬಹಳ ಇಕ್ಕಟ್ಟಾಗಿಯೂ ಇರುವುದರಿಂದ ಓಡುಪಟ್ಟಿಯ ಉದ್ದ ಸುಮಾರು 1,200 ಮೀಟರುಗಳಷ್ಟೇ. ಎರಡೂ ತುದಿಗಳಲ್ಲಿ ನೀರು. ಬಜಪೆಯಲ್ಲಿ 2006ರಲ್ಲಿ ಆರಂಭವಾದ ಹೊಸ ಪಟ್ಟಿಯ ಉದ್ದ 2,450 ಮೀಟರುಗಳೆಂಬುದನ್ನು ನೆನೆದರೆ ಇದರ ಅಲ್ಪತೆ ತಿಳಿಯುವುದು. ಮೊದಲಿಗೆ ಇಲ್ಲಿ ಇಳಿಯುತ್ತಿದ್ದುದು ಇಪ್ಪತ್ತಕ್ಕಿಂತ ಕಡಿಮೆ ಆಸನಗಳ ಡಾರ್ನಿಯರ್ 228 ವಿಮಾನ. ಇದನ್ನು ಕಾನ್ಪುರದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯವರು ತಯಾರಿಸುತ್ತಿದ್ದರು. ಮುಂದೆ ನಿಲ್ದಾಣವನ್ನು ಸುಧಾರಿಸಿ, 2010ರ ವೇಳೆಗೆ ಎಟಿಆರ್ ವಿಮಾನಗಳು ಬರುವಂತೆ ಮಾಡಲಾಯಿತು.

ಇಂಥ ಸಣ್ಣ ಊರುಗಳಿಗೆಂದೇ ಹುಟ್ಟಿದ ಸಂಸ್ಥೆ ‘ವಾಯುದೂತ’. 1981ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಎಂಬ ಎರಡು ಸರ್ಕಾರಿ ಸಂಸ್ಥೆಗಳು ಕೂಡಿ ಇದನ್ನು ಸ್ಥಾಪಿಸಿದುವು. ದೊಡ್ಡವರಿಬ್ಬರ ಪಾಲುದಾರಿಕೆಯಲ್ಲಿ ಹುಟ್ಟಿದ ಈ ಕೂಸಿಗೆ ಸ್ವಂತ ಲಾಭದ ಮಾರ್ಗವೊಂದೂ ಇರಲಿಲ್ಲ. ಪ್ರಯಾಣಿಕರು ತುಂಬುವ ಮಾರ್ಗಗಳು ದೊಡ್ಡ ಸಂಸ್ಥೆಯವು. ನಷ್ಟದ ಮಾರ್ಗಗಳು ಇದರವು. 1993ರಲ್ಲಿ ಇದನ್ನು ಇಂಡಿಯನ್ ಏರ್‌ಲೈನ್ಸ್‌ನೊಡನೆ ವಿಲೀನಗೊಳಿಸುವ ಕಾಲ ಬಂದುದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲ.

ದ್ವೀಪಕ್ಕೆ ವಿಮಾನ ನಡೆಸುವವನಿಗೆ ದೂರವು ಏಕೆ ಮುಖ್ಯವೆಂಬುದನ್ನು ಇಲ್ಲಿ ವಿವರಿಸಬೇಕಾಗಿದೆ. ಒಳನಾಡಿನಲ್ಲಿ ಒಂದು ನಿಲ್ದಾಣದಲ್ಲಿ ಇಳಿಯಲಾಗದಿದ್ದರೆ ಸಮೀಪದ ಮತ್ತೊಂದಕ್ಕೆ ಹೋಗಬಹುದು. ಲಕ್ಷದ್ವೀಪದಲ್ಲಿ ಅಗತ್ತಿಯನ್ನು ಬಿಟ್ಟರೆ ಇಂಥ ವಿಮಾನಗಳು ಇಳಿಯತಕ್ಕ ಸ್ಥಳವಿಲ್ಲ. ಮಳೆಯೋ ಗಾಳಿಯೋ ಅಡ್ಡಿಪಡಿಸಿದರೆ ಮರಳಿ ಮುಖ್ಯಭೂಮಿಗೇ ಬರಬೇಕು. ಅದಕ್ಕೆ ಸಾಕಾಗುವ ಇಂಧನವನ್ನು ಹೊರಡುವಾಗಲೇ ಹೊತ್ತಿರಬೇಕು. ಅತ್ತ ಪಟ್ಟಿ ಗಿಡ್ಡದಾದುದರಿಂದ ವಿಮಾನದ ಒಟ್ಟು ಭಾರಕ್ಕೆ ಮಿತಿ ಉಂಟು. ಇಂಧನದ ಭಾರ ಹೆಚ್ಚಿದಷ್ಟೂ ಪ್ರಯಾಣಿಕರ ಸಂಖ್ಯೆಯನ್ನು ಕಡಿಮೆ ಮಾಡಬೇಕಾಗುತ್ತದೆ. ಹೀಗೆ ದೂರದ ಲೆಕ್ಕ ಎರಡು ಸಲ ಬೀಳುತ್ತದೆ. 380 ಕಿಲೋಮೀಟರಿಗೂ 460 ಕಿಲೋಮೀಟರಿಗೂ ಇರುವ ಭೇದವು ಹೋಗುವ ದಾರಿಯಲ್ಲಿ 80, ಮರಳುವುದಕ್ಕಾಗಿ ಕಾದಿಡುವ ಇಂಧನದಲ್ಲಿ ಮತ್ತೆ 80. ಬಜಪೆಯಿಂದ ಹೊರಡುವ ವಿಮಾನದಲ್ಲಿ ಕೆಲವು ಆಸನಗಳು ಹೆಚ್ಚಾಗಿ ಉಳಿಯುತ್ತವೆಂಬುದರಲ್ಲಿ ಸಂದೇಹವಿಲ್ಲ. ಭೂಗೋಲವು ಮಂಗಳೂರಿನ ಪಕ್ಷದಲ್ಲಿಯೇ ಇದೆ.

ಆದರೂ ಆಸನಗಳು ಉಳಿಯುವುದು ಬೇರೆ, ತುಂಬುವುದು ಬೇರೆ. 2011ರ ಜನಗಣತಿಯಂತೆ ಲಕ್ಷದ್ವೀಪದ ಒಟ್ಟು ಜನಸಂಖ್ಯೆ 64,473. ಹತ್ತು ದ್ವೀಪಗಳಲ್ಲಿ ಹಂಚಿಹೋದುದು. ಅಮಿನಿಯವನು ವಿಮಾನ ಹತ್ತಬೇಕಾದರೆ ಮೊದಲು ಸುಮಾರು 70 ಕಿಲೋಮೀಟರು ದೋಣಿಯಲ್ಲಿ ಅಗತ್ತಿಗೆ ಬರಬೇಕು. ಇಷ್ಟು ಕಡಿಮೆ ಜನರನ್ನು ನಂಬಿ ಒಂದು ವಿಮಾನಸಂಸ್ಥೆ ಬಾಳಲಾರದು. ದೂರದಿಂದ ಬರುವ ಪ್ರವಾಸಿಗಳು ಬೇಕು. ಮುಂಬಯಿ, ದೆಹಲಿಗಳಿಂದ ಬರುವವನು ನೇರವಾಗಿ ಅಗತ್ತಿಗೆ ಬಾರನು. ದೊಡ್ಡ ವಿಮಾನದಲ್ಲಿ ಬಂದು ಸಣ್ಣದಕ್ಕೆ ಬದಲಾಯಿಸುವನು. ಪಾಲುದಾರಿಕೆಯ ಪ್ರಶ್ನೆ ಹುಟ್ಟುವುದು ಈ ಬದಲಾವಣೆಯ ಜಾಗದಲ್ಲಿ.

ಪಾಲುದಾರಿಕೆಯಲ್ಲಿ ಹಲವು ಮೆಟ್ಟಿಲುಗಳಿವೆ. ಅತ್ಯಂತ ಸರಳವಾದುದು ಎರಡು ಸಂಸ್ಥೆಗಳ ಪ್ರಯಾಣವನ್ನು ಒಂದೇ ಟಿಕೇಟಿನಲ್ಲಿ ಬರೆದು, ಸಾಮಾನನ್ನು ಮೊದಲ ಊರಿನಲ್ಲಿ ಒಪ್ಪಿಸಿದರೆ ಕೊನೆಯ ಊರಿನಲ್ಲಿ ಪಡೆಯುವ ಏರ್ಪಾಡು. ಇದರ ಮುಂದಿನದನ್ನು ಕೋಡ್‌ಶೇರ್ ಎನ್ನುವರು: ಸಣ್ಣ ಸಂಸ್ಥೆಯು ನಡೆಸುವ ವಿಮಾನಕ್ಕೆ ದೊಡ್ಡ ಸಂಸ್ಥೆಯು ತನ್ನ ಹೆಸರು ಮತ್ತು ಸಂಖ್ಯೆಯನ್ನಿಟ್ಟು ತನ್ನ ಗಿರಾಕಿಗಳಿಗೆ ಮಾರುವುದು. ಇದಕ್ಕೂ ಮೇಲಿನದು ಬಂಡವಾಳದಲ್ಲಿಯೇ ಪಾಲು. ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಈ ಕಡೆಯದಕ್ಕೆ ನಿದರ್ಶನಗಳುಂಟು. 1967ರಲ್ಲಿ ಏರ್ ಮಾರಿಷಸ್ ಸ್ಥಾಪನೆಯಾದಾಗ ಏರ್ ಫ್ರಾನ್ಸ್ ಮತ್ತು ಬ್ರಿಟನ್ನಿನ ಬಿಒಎಸಿ ಸಂಸ್ಥೆಗಳು ಅದರಲ್ಲಿ ಪಾಲು ಹೊಂದಿದ್ದುವು. ಏರ್ ಸೇಶೆಲ್ಸ್ ಕಷ್ಟಕ್ಕೆ ಸಿಕ್ಕಿದಾಗ ಅಬುಧಾಬಿಯ ಎತಿಹಾದ್ ಸಂಸ್ಥೆಯು 2012ರಲ್ಲಿ ಶೇಕಡ 40 ಪಾಲನ್ನು ಕೊಂಡಿತು. 2021ರಲ್ಲಿ ಸೇಶೆಲ್ಸ್ ಸರ್ಕಾರವು ಅದನ್ನು ಮರಳಿ ತೆಗೆದುಕೊಳ್ಳಬೇಕಾಯಿತು. ದೊಡ್ಡ ಪಾಲುದಾರನ ಯೋಜನೆಯಲ್ಲಿ ದ್ವೀಪವು ಒಂದು ಕೊನೆಯ ಸಾಲು. ದ್ವೀಪದ ಯೋಜನೆಯಲ್ಲಿ ಪಾಲುದಾರನೇ ಮೊದಲ ಸಾಲು. ಒಪ್ಪಂದಗಳು ಮುರಿಯುವುದು ಸಾಮಾನ್ಯವಾಗಿ ಈ ಅಸಮತೆಯಿಂದ.

ದರದ ಹಂಚಿಕೆಯಲ್ಲಿ ಇದು ಎದ್ದು ಕಾಣುತ್ತದೆ. ಉದಾಹರಣೆಗಾಗಿ, ಮುಂಬಯಿಯಿಂದ ಬಜಪೆಯ ಮಾರ್ಗವಾಗಿ ಅಗತ್ತಿಗೆ ಒಂದೇ ಟಿಕೇಟೆಂದೂ ಅದರ ಬೆಲೆ 9,000 ರೂಪಾಯಿಗಳೆಂದೂ ಊಹಿಸಿಕೊಳ್ಳೋಣ. ಮುಂಬಯಿ–ಬಜಪೆ ಸುಮಾರು 710 ಕಿಲೋಮೀಟರು, ಬಜಪೆ–ಅಗತ್ತಿ 380. ಕೇವಲ ದೂರಕ್ಕನುಸಾರವಾಗಿ ಹಂಚಿದರೆ ಸಣ್ಣ ಸಂಸ್ಥೆಗೆ ದೊರೆಯುವುದು 3,140 ರೂಪಾಯಿಗಳಷ್ಟು. ಆದರೆ ಹಾರುವ ದೂರ ಅರ್ಧವಾದ ಮಾತ್ರಕ್ಕೆ ಖರ್ಚು ಅರ್ಧವಾಗುವುದಿಲ್ಲ. ಏರುವುದು, ಇಳಿಯುವುದು, ನಿಲ್ದಾಣದ ಕೆಲಸ ಎರಡಕ್ಕೂ ಸಮ. ಆ ಖರ್ಚನ್ನು ದೊಡ್ಡ ವಿಮಾನದಲ್ಲಿ ನೂರೆಂಬತ್ತು ಮಂದಿ ಹೊರುವರು, ಸಣ್ಣದರಲ್ಲಿ ಐವತ್ತು ಮಂದಿ. ಆದುದರಿಂದ ದ್ವೀಪದ ಸಂಸ್ಥೆಯು ಬರಿಯ ದೂರದ ಲೆಕ್ಕವನ್ನು ಒಪ್ಪದೆ, ತನ್ನ ತುಂಡಿಗೆ ಇಂತಿಷ್ಟು ಎಂಬ ವಿಶೇಷ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಆಗುವುದೇನು? ನೌಕೆ ದ್ವೀಪದವರದು, ದರ ದಡದವರದು. ಕತ್ತದ ಉಗ್ರಾಣವು ಬೇರೊಂದು ರೂಪದಲ್ಲಿ ಹಿಂದಿರುಗಿದಂತಾಯಿತು.

2024ರಲ್ಲಿ ಬೆಂಗಳೂರಿನಿಂದ ಅಗತ್ತಿಗೆ ವಿಮಾನವನ್ನು ಆರಂಭಿಸಿದುದು ಇಂಡಿಗೋ ಸಂಸ್ಥೆ. ದೊಡ್ಡದನ್ನೂ ಸಣ್ಣದನ್ನೂ ಅದೇ ನಡೆಸುವುದರಿಂದ ಅದಕ್ಕೆ ಹಂಚಿಕೆಯ ತೊಡಕಿಲ್ಲ. ದೂರ 650 ಕಿಲೋಮೀಟರಾದರೂ ಬೆಂಗಳೂರಿನಲ್ಲಿ ದೇಶದ ನಾನಾ ಊರುಗಳ ಪ್ರಯಾಣಿಕರು ಅದರ ಕೈಯಲ್ಲೇ ಇರುವರು. ಅದೇ ವರ್ಷ ಗೋವೆಯಿಂದ ಬಂದ ಫ್ಲೈ91 ಸಣ್ಣ ಸಂಸ್ಥೆ. ಅದು ಪ್ರವಾಸಿಗಳು ಮೊದಲೇ ನೆರೆದಿರುವ ಊರನ್ನು ತನ್ನ ನೆಲೆಯಾಗಿ ಮಾಡಿಕೊಂಡಿತು. ಇಬ್ಬರೂ ಹತ್ತಿರದ ರೇವನ್ನು ಬಿಟ್ಟು ಜನ ಸೇರುವ ರೇವನ್ನು ಹಿಡಿದರು. ವ್ಯಾಪಾರದ ದೃಷ್ಟಿಯಿಂದ ಇದು ತಪ್ಪಲ್ಲ. ಅಮಿನಿಯ ರೋಗಿಗೂ ಚೆಟ್ಲತ್ತಿನ ವಿದ್ಯಾರ್ಥಿಗೂ ಮಾತ್ರ ಇದರಿಂದ ಆದ ಪ್ರಯೋಜನ ಸ್ವಲ್ಪವೇ. ತುರ್ತಿನ ರೋಗಿಗಳನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಒಯ್ಯುವ ಪದ್ಧತಿಯಿದೆ. ಅಮೀನ್‌ದಿವಿಗೆ ಕೊಚ್ಚಿಗಿಂತ ನೂರು ಕಿಲೋಮೀಟರು ಹತ್ತಿರದಲ್ಲಿ, ವೈದ್ಯಕೀಯ ಕಾಲೇಜುಗಳು ಒಂದಲ್ಲ ಹಲವು ಇರುವ ಮಂಗಳೂರು ಇದೆ. ಮೂಡುಬಿದಿರೆ, ಪುತ್ತಿಗೆಗಳಂಥ ನಮ್ಮ ಊರುಗಳ ವಿದ್ಯಾಸಂಸ್ಥೆಗಳಿಗೆ ದೂರದ ಈಶಾನ್ಯ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರುತ್ತಿರುವಾಗ, ಹಿಂದೆ ಇದೇ ಜಿಲ್ಲೆಯವರಾಗಿದ್ದ ದ್ವೀಪದ ಮಕ್ಕಳಿಗೆ ಬಾಗಿಲು ತೆರೆಯುವುದು ಅಸಾಧ್ಯವಾದ ಕಾರ್ಯವಲ್ಲ. ಕಾಲೇಜು ಮತ್ತು ಆಸ್ಪತ್ರೆಗಳ ಎಳೆಗಳು ಮೊದಲು ಹುಟ್ಟಿದರೆ ವಿಮಾನದ ಎಳೆ ಅವುಗಳ ಹಿಂದೆ ಬರಬಹುದು. ವಿಮಾನವೇ ಮೊದಲು ಬಂದು ಅವನ್ನು ಎಳೆದುಕೊಂಡು ಬರುವುದೆಂದು ನಿರೀಕ್ಷಿಸುವುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ಟಿಪ್ಪುವಿನ ಬಳಿಗೆ ಬಂದ ಅಮಿನಿಯ ಪ್ರಮುಖರೂ ದರವೊಂದು ಇಲ್ಲಿ ದೊರೆಯುವುದೆಂದು ಬಂದರೇ ಹೊರತು ದಾರಿ ನೇರವಾಗಿದೆಯೆಂದು ಬರಲಿಲ್ಲ.

2024ರ ಮೇ ತಿಂಗಳಲ್ಲಿ ದ್ವೀಪಗಳಿಂದ ವೇಗದ ಪ್ರಯಾಣಿಕ ಹಡಗೊಂದು ಮಂಗಳೂರಿನ ಹಳೆಯ ಬಂದರಿಗೆ ಬಂದಿತು. ಅದರಲ್ಲಿದ್ದವರು ಮಂಗಳೂರಿನ ಪೇಟೆಯನ್ನೂ ಆಸುಪಾಸಿನ ಊರುಗಳನ್ನೂ ನೋಡಿ ಮರಳಿದರು. ಕೆಲವೇ ದಿನಗಳಲ್ಲಿ ಮಳೆಗಾಲವು ಸಮೀಪಿಸಿ, ಎಂದಿನಂತೆ ಮಂಜಿಗಳ ಸಂಚಾರವೂ ನಿಂತಿತು. ನಾಲ್ಕು ತಿಂಗಳ ಬಳಿಕ ಸೆಪ್ಟೆಂಬರಿನಲ್ಲಿ ಅವು ತರಕಾರಿಯನ್ನೂ ಸಿಮೆಂಟನ್ನೂ ತುಂಬಿಕೊಂಡು ಮತ್ತೆ ಅಳಿವೆಯನ್ನು ದಾಟುವುವು. ಹೋಗುವಾಗ ಅವುಗಳ ಹೊಟ್ಟೆ ತುಂಬಿರುವುದು. ಬರುವಾಗ ತರುವ ಕೊಬ್ಬರಿಯು ಅದಕ್ಕೆ ಸರಿದೂಗುವುದಿಲ್ಲ. ಕತ್ತದ ಸ್ಥಾನಕ್ಕೆ ಮರುಸರಕಾಗಿ ಇನ್ನೂ ಯಾವುದೂ ಬಂದಿಲ್ಲ.